ದಿನದ ಬಾನುಲಿ ಪಟ್ಟಿಗೆ ಅರ್ಧ ಕಾಲಂ ಜಾಗ ಕೊಡಿ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಚನ್ನಗಿರಿಯ ಅಡಿಕೆ ಧಾರಣೆ ಬರುತ್ತದೆ, ಭದ್ರಾ ಜಲಾಶಯದ ಮಟ್ಟ ಬರುತ್ತದೆ, ಚಿನ್ನ ಬೆಳ್ಳಿಯ ದರ ಬರುತ್ತದೆ, ಯಾವ ಬಡಾವಣೆಯಲ್ಲಿ ಎಷ್ಟು ಹೊತ್ತು ಕರೆಂಟ್ ಇರುವುದಿಲ್ಲ ಅನ್ನುವುದೂ ಬರುತ್ತದೆ. ಬಾನುಲಿಯಲ್ಲಿ ಇವತ್ತು ಏನಿದೆ ಅನ್ನುವುದು ಮಾತ್ರ ಬರುವುದಿಲ್ಲ. ಹಿಂದೆ ಕನ್ನಡದ ದಿನಪತ್ರಿಕೆಗಳಲ್ಲಿ ‘ಇಂದಿನ ಆಕಾಶವಾಣಿ’ ಅಂತ ಒಂದು ಚಿಕ್ಕ ಚೌಕಟ್ಟು ಇರುತ್ತಿತ್ತು. ಟಿ.ವಿ. ಬಂತು, ಚೌಕಟ್ಟು ಟಿ.ವಿ.ಯ ಪಾಲಾಯಿತು, ಆಮೇಲೆ ಟಿ.ವಿ.ಯದೂ ಹೋಯಿತು. ಆ ಚೌಕಟ್ಟು ಬಾನುಲಿಗಾದರೂ ಮತ್ತೆ ಬರಲಿ ಅನ್ನುವುದು ಈ ಪತ್ರದ ಕೋರಿಕೆ. ಹಾಡಿನ ಪಟ್ಟಿ ಬೇಡ. ಹಾಡು ಯಾವಾಗ ಹಚ್ಚಿದರೂ ಸಿಗುತ್ತದೆ. ಬೇಕಾಗಿರುವುದು ಮಾತಿನ ಕಾರ್ಯಕ್ರಮಗಳ ಪಟ್ಟಿ: ಸುದ್ದಿ, ಭಾಷಣ, ಸಂದರ್ಶನ, ನಾಟಕ, ಕೃಷಿ, ಮಹಿಳೆಯರ ಕಾರ್ಯಕ್ರಮ, ಪುಸ್ತಕ ವಾಚನ. ಇವು ಒಮ್ಮೆ ತಪ್ಪಿದರೆ ತಪ್ಪಿದಂತೆಯೇ.

ಬಾನುಲಿಯ ಪಟ್ಟಿಯನ್ನು ಪತ್ರಿಕೆ ಯಾಕೆ ಅಚ್ಚು ಹಾಕಬೇಕು ಅನ್ನುವ ಪ್ರಶ್ನೆ ಹೊಸದಲ್ಲ. 1923ರಲ್ಲಿ ಲಂಡನ್ನಿನ ಪತ್ರಿಕಾ ಮಾಲೀಕರು ಇದೇ ಮಾತೆತ್ತಿ, ಬಿಬಿಸಿಯ ಕಾರ್ಯಕ್ರಮ ಪಟ್ಟಿ ಹಾಕಬೇಕಾದರೆ ಜಾಹೀರಾತಿನ ದರ ಕೊಡಿ ಅಂದರು. ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಹಣ ಕೊಡುವ ಬದಲು ತಾವೇ ಒಂದು ವಾರಪತ್ರಿಕೆ ಶುರುಮಾಡಿದರು. ಅದೇ ‘ರೇಡಿಯೊ ಟೈಮ್ಸ್’. ಮೊದಲ ಸಂಚಿಕೆ ಬಂದದ್ದು 28 ಸೆಪ್ಟೆಂಬರ್ 1923. ಪತ್ರಿಕೆಗಳು ಬೇಡವೆಂದ ಆ ಸರಕೇ ಮುಂದೆ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ನಿಯತಕಾಲಿಕಗಳಲ್ಲಿ ಒಂದಾಯಿತು. ನಮ್ಮಲ್ಲೂ 1935ರ ಡಿಸೆಂಬರ್‌ನಲ್ಲಿ ‘ದಿ ಇಂಡಿಯನ್ ಲಿಸನರ್’ ಎಂಬ ಕಾರ್ಯಕ್ರಮ ಪತ್ರಿಕೆ ಹೊರಟಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಕನ್ನಡದ ಬಾನುಲಿ ಶುರುಮಾಡಿದ್ದರು. ಈಗ ಕನ್ನಡಿಗರ ಕೈಗೆ ಅಂಥ ಅಚ್ಚಿನ ಪಟ್ಟಿ ಯಾವುದೂ ಸಿಗುತ್ತಿಲ್ಲ.

ಮಾತಿನ ಬಾನುಲಿಯ ಒಂದು ದಿನ ಹೇಗಿರಬೇಕು ಅನ್ನುವುದಕ್ಕೆ ಬಿಬಿಸಿಯ ರೇಡಿಯೊ 4 ಒಳ್ಳೆಯ ಮಾದರಿ. 30 ಸೆಪ್ಟೆಂಬರ್ 1967ರಂದು ಹಳೆಯ ಹೋಮ್ ಸರ್ವಿಸ್‌ನ ಜಾಗಕ್ಕೆ ಬಂದ ಈ ನಿಲಯದಲ್ಲಿ ಸಂಗೀತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೆಳಗಿನಿಂದ ನಡುರಾತ್ರಿಯವರೆಗೆ ಬರೀ ಮಾತು. ಕೇಳಿದವರಿಗೆ ಬೇಸರ ಬರಬೇಕಿತ್ತು. ಬಾರದಿರುವುದಕ್ಕೆ ಕಾರಣ ದಿನವನ್ನು ಕತ್ತರಿಸಿರುವ ರೀತಿ. ಅಲ್ಲಿನ ಹೊತ್ತಿನ ಪ್ರಕಾರ ಮುಂಜಾನೆ 5.45ಕ್ಕೆ ಕೃಷಿ ಸುದ್ದಿ, ಹಾಲು ಕರೆಯುವವರ ಹೊತ್ತಿಗೆ. 6ರಿಂದ 9ರವರೆಗೆ ‘ಟುಡೇ’, 1957ರಿಂದ ನಡೆದುಬಂದ ಸುದ್ದಿ ಕಾರ್ಯಕ್ರಮ. ಅದರ ನಡುವೆ 7.45ರ ಸುಮಾರಿಗೆ ಮೂರು ನಿಮಿಷ ಮೀರದ ಒಂದು ಧಾರ್ಮಿಕ ಚಿಂತನೆ. ನಮ್ಮ ಆಕಾಶವಾಣಿಯ ‘ಚಿಂತನ’ ಕೇಳಿದವರಿಗೆ ಇದು ಪರಿಚಿತ ಸರಕು. 10 ಗಂಟೆಗೆ ‘ವುಮನ್ಸ್ ಅವರ್’, 1946ರಲ್ಲಿ ಹುಟ್ಟಿದ್ದು. (ಮಹಿಳೆಯರ ಆ ಕಾರ್ಯಕ್ರಮದ ಮೊದಲ ನಿರೂಪಕ ಗಂಡಸು. ಆ ಕಾಲವೇ ಹಾಗಿತ್ತು.) ಮಧ್ಯಾಹ್ನ 1ಕ್ಕೆ ಸುದ್ದಿ, 2.15ಕ್ಕೆ 45 ನಿಮಿಷದ ನಾಟಕ, ಸಂಜೆ 5ಕ್ಕೆ ಮತ್ತೆ ಸುದ್ದಿಯ ವಿವರ, 6ಕ್ಕೆ ಅರ್ಧ ಗಂಟೆಯ ವಾರ್ತೆ, 6.30ಕ್ಕೆ ನಗೆ, 7 ದಾಟಿದ ಮೇಲೆ ಧಾರಾವಾಹಿ, 10.45ಕ್ಕೆ ಕಾಲು ಗಂಟೆ ಪುಸ್ತಕ ವಾಚನ.

ಆ ಧಾರಾವಾಹಿಯ ಹುಟ್ಟು ನಮ್ಮ ಸೀಮೆಯವರು ಗಮನಿಸಬೇಕಾದದ್ದು. ‘ದಿ ಆರ್ಚರ್ಸ್’ 1 ಜನವರಿ 1951ರಿಂದ ರಾಷ್ಟ್ರಮಟ್ಟದಲ್ಲಿ ಪ್ರಸಾರವಾಗುತ್ತಿದೆ. ಯುದ್ಧ ಮುಗಿದ ಮೇಲೆ ಆಹಾರದ ಕೊರತೆ ಇತ್ತು. ಹೊಸ ಬೇಸಾಯದ ಮಾಹಿತಿ ರೈತರಿಗೆ ತಲುಪಬೇಕು, ಆದರೆ ಭಾಷಣ ಬಿಗಿದರೆ ಯಾರೂ ಕೇಳುವುದಿಲ್ಲ. ಅದಕ್ಕೆ ಕೃಷಿ ಇಲಾಖೆಯವರ ಸಲಹೆ ಪಡೆದು, ಒಂದು ಕಲ್ಪಿತ ಹಳ್ಳಿ ಕಟ್ಟಿ, ಮೂರು ಸಂಸಾರ ಹೂಡಿ, ಕಥೆಯ ನಡುವೆ ಗೊಬ್ಬರ, ರೋಗ, ಬೆಲೆ ಎಲ್ಲವನ್ನೂ ಸೇರಿಸಿದರು. ಕಂತಿಗೆ ಹದಿಮೂರು ನಿಮಿಷದ ಆಸುಪಾಸು. ಸಂಜೆ ಕೇಳದವರಿಗೆ ಮರುದಿನ ಮಧ್ಯಾಹ್ನ 2ಕ್ಕೆ ಅದೇ ಕಂತು, ವಾರವೆಲ್ಲ ತಪ್ಪಿಸಿಕೊಂಡವರಿಗೆ ಭಾನುವಾರ ಬೆಳಿಗ್ಗೆ ಇಡೀ ವಾರದ್ದು ಒಟ್ಟಿಗೆ. ಆ ಮರುಪ್ರಸಾರ ಮುಖ್ಯ. ಹೊಲದಲ್ಲೋ ಅಂಗಡಿಯಲ್ಲೋ ಇರುವವನಿಗೆ ನಾವು ಹೇಳಿದ ಹೊತ್ತಿಗೇ ಬಿಡುವು ಇರುತ್ತದೆ ಅನ್ನುವುದು ಕಚೇರಿಯಲ್ಲಿ ಕೂತವರ ಲೆಕ್ಕಾಚಾರ. ಎರಡು ಬೇರೆ ಬೇರೆ ಜಾವದಲ್ಲಿ ಹಾಕಿದರೆ ಒಂದಾದರೂ ಸಿಗುತ್ತದೆ.

ನಿಗದಿತ ಸ್ವರೂಪದ ಗಟ್ಟಿತನ ನೋಡಬೇಕಾದರೆ ಅದೇ ರೇಡಿಯೊ 4ರಲ್ಲಿ ರಾತ್ರಿ 12.48ಕ್ಕೆ ಬರುವ ಹಡಗಿನ ಹವಾ ವರ್ತಮಾನ ಕೇಳಬೇಕು. ಬ್ರಿಟನ್ನಿನ ಸುತ್ತಲಿನ ಸಮುದ್ರವನ್ನು 31 ವಲಯ ಮಾಡಿದ್ದಾರೆ. ಓದುವ ಕ್ರಮ ಎಂದೂ ಬದಲಾಗುವುದಿಲ್ಲ: ಮೊದಲು ಬಿರುಗಾಳಿಯ ಎಚ್ಚರಿಕೆ, ಆಮೇಲೆ ಒಟ್ಟಾರೆ ಹವೆ, ಆಮೇಲೆ ವೈಕಿಂಗ್ ಎಂಬ ವಲಯದಿಂದ ಶುರುಮಾಡಿ ಗಡಿಯಾರದ ಮುಳ್ಳಿನಂತೆ ಒಂದೊಂದೇ ವಲಯ, ಒಂದೊಂದರಲ್ಲೂ ಮೊದಲು ಗಾಳಿ, ಆಮೇಲೆ ಅಲೆ, ಮಳೆ, ಕಣ್ಣಿಗೆಟುಕುವ ದೂರ. ಇಡೀ ವರ್ತಮಾನ 350 ಪದ ಮೀರಕೂಡದು. ನಡುರಾತ್ರಿಯದಕ್ಕೆ ಮಾತ್ರ 380ರವರೆಗೆ ರಿಯಾಯಿತಿ. ಬಿರುಗಾಳಿ ಆರು ಗಂಟೆಯೊಳಗೆ ಬರುವುದಾದರೆ ಒಂದು ಪದ, ಆರರಿಂದ ಹನ್ನೆರಡು ಗಂಟೆಯಲ್ಲಾದರೆ ಇನ್ನೊಂದು, ಅದಕ್ಕೂ ಆಚೆಯಾದರೆ ಮತ್ತೊಂದು ಅಂತ ಗೊತ್ತುಮಾಡಿಕೊಂಡಿದ್ದಾರೆ. ಕ್ರಮ ಗೊತ್ತಿದ್ದ ನಾವಿಕ ತನ್ನ ವಲಯ ಬರುವವರೆಗೆ ಬೇರೆ ಕೆಲಸ ಮಾಡಿಕೊಂಡು, ಹೆಸರು ಕಿವಿಗೆ ಬಿದ್ದ ಕೂಡಲೇ ಪೆನ್ಸಿಲ್ ಹಿಡಿಯುತ್ತಾನೆ.

ನಮಗೆ ಸಮುದ್ರವಿಲ್ಲ, ಜಲಾಶಯಗಳಿವೆ. ಮಳೆಗಾಲದಲ್ಲಿ ಜಲಾಶಯದ ಮಟ್ಟವನ್ನು ಬಾನುಲಿಯಲ್ಲಿ ಹೇಳುವುದು ಕೇಳಿದ್ದೇವೆ. ಆದರೆ ಒಂದು ದಿನ ಕೆಆರ್‌ಎಸ್ ಮೊದಲು, ಇನ್ನೊಂದು ದಿನ ತುಂಗಭದ್ರಾ ಮೊದಲು. ಒಂದು ದಿನ ಒಳಹರಿವು ಇರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ಇನ್ನೊಂದು ತೊಡಕು ಅಳತೆಯದು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ತುಂಗಭದ್ರೆಯದು 1,633 ಅಡಿ. ಇವು ಸಮುದ್ರಮಟ್ಟದಿಂದ ಎಣಿಸಿದವು. ಭದ್ರಾ 186, ವಾಣಿವಿಲಾಸ ಸಾಗರ 130, ಕೆಆರ್‌ಎಸ್ 124.80 ಅಡಿ, ಇವು ಅಣೆಕಟ್ಟೆಯ ಬುಡದ ಲೆಕ್ಕ. ‘ತುಂಗಭದ್ರಾ ಸಾವಿರದ ಆರುನೂರ ಹದಿನೈದು ಅಡಿ’ ಎಂದಷ್ಟೇ ಕೇಳಿದವನಿಗೆ ಅದು ತುಂಬಿದೆಯೋ ಬತ್ತಿದೆಯೋ ತಿಳಿಯುವುದಿಲ್ಲ. ಗರಿಷ್ಠ ಮಟ್ಟ ಮೊದಲು, ಇಂದಿನ ಮಟ್ಟ ನಂತರ, ಆಮೇಲೆ ಒಳಹರಿವು, ಕೊನೆಗೆ ಹೊರಹರಿವು. ಪ್ರತಿದಿನ ಇದೇ ಕ್ರಮ, ಜಲಾಶಯಗಳದ್ದೂ ಒಂದೇ ಸರತಿ. ಇಂದಿನ ಮಟ್ಟವನ್ನು ಎರಡು ಸಲ ಹೇಳಬೇಕು. ಇಷ್ಟಕ್ಕೆ ಎರಡು ನಿಮಿಷ ಸಾಕು. ಭದ್ರಾ ನಾಲೆಗೆ ಆನ್ ಅಂಡ್ ಆಫ್ ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಡುವ ದಿನಗಳಲ್ಲಿ ಮಲೇಬೆನ್ನೂರು, ಹರಿಹರ ಕಡೆಯ ಕೊನೆಭಾಗದ ರೈತರಿಗೆ ಆ ಎರಡು ನಿಮಿಷದ ಬೆಲೆ ಗೊತ್ತು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ ವೇದಾವತಿಯ ದಂಡೆಯವರಿಗೆ ಬೇಕಿದ್ದದ್ದೂ ಇಂಥ ಅಂಕಿಯೇ.

ಬೆಳೆಯ ಸಲಹೆಯಲ್ಲೂ ಅಂಕಿಯೇ ಎಡವಟ್ಟು ಮಾಡುವುದು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಮೆಕ್ಕೆಜೋಳ ಬೆಳೆಯುವವರಿಗೆ 2018ರಿಂದ ಫಾಲ್ ಸೈನಿಕ ಹುಳುವಿನ ಕಾಟ. ಅದಕ್ಕೆ ಹೇಳುವ ಎಮಾಮೆಕ್ಟಿನ್ ಬೆಂಜೋಯೇಟ್ ಶೇ 5 ಎಸ್‌ಜಿ ಔಷಧದ ಪ್ರಮಾಣ ಲೀಟರಿಗೆ 0.4 ಗ್ರಾಂ. ಇದನ್ನು ಬಾನುಲಿಯಲ್ಲಿ ‘ಸೊನ್ನೆ ದಶಾಂಶ ನಾಲ್ಕು ಗ್ರಾಂ’ ಎಂದರೆ ಎಮ್ಮೆ ಕೂಗಿದ ಸದ್ದಿನಲ್ಲಿ ‘ನಾಲ್ಕು ಗ್ರಾಂ’ ಅಷ್ಟೇ ಕಿವಿಗೆ ಬಿದ್ದೀತು, ಹತ್ತು ಪಟ್ಟು ಔಷಧ ಹೊಲಕ್ಕೆ ಹೋದೀತು. ‘ಹತ್ತು ಲೀಟರ್ ನೀರಿಗೆ ನಾಲ್ಕು ಗ್ರಾಂ, ಸುಳಿಯೊಳಗೆ ಬೀಳುವಂತೆ, ಸಂಜೆ ಹೊತ್ತು’ ಎಂದರೆ ಗೊಂದಲವಿಲ್ಲ. ಮಾತಿನ ಬಾನುಲಿಗೆ ಬರೆಯುವ ಯಾವ ವಿಜ್ಞಾನಿಯೂ ದಶಾಂಶ ಚಿಹ್ನೆಯನ್ನು ಹತ್ತಿರ ಬಿಟ್ಟುಕೊಳ್ಳಬಾರದು.

ಅದೇ ಮಾತಿಗೆ ಸೇರಿದಂತೆ, ಬಾನುಲಿಯಲ್ಲಿ ಮಾತಾಡಲು ಹೋಗುವ ನಮ್ಮ ಅಧ್ಯಾಪಕರು, ವೈದ್ಯರು, ಕೃಷಿ ಅಧಿಕಾರಿಗಳು ಪತ್ರಿಕೆಗೆ ಬರೆದ ಲೇಖನವನ್ನೇ ಓದಿಬಿಡುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ಅಚ್ಚಿನಲ್ಲಿ ಮೂವತ್ತು ಪದದ ವಾಕ್ಯವಿದ್ದರೆ ಕಣ್ಣು ಹಿಂದಕ್ಕೆ ಹೋಗಿ ಬರುತ್ತದೆ. ಕಿವಿಗೆ ಆ ಸೌಲಭ್ಯವಿಲ್ಲ. ಹತ್ತು ಹನ್ನೆರಡು ಪದಕ್ಕೆ ಒಂದು ವಾಕ್ಯ ಮುಗಿಯಬೇಕು. ನಿಮಿಷಕ್ಕೆ ಸುಮಾರು ನೂರು ಪದದ ಲೆಕ್ಕ ಹಿಡಿದರೆ ಐದು ನಿಮಿಷದ ಮಾತಿಗೆ ಐನೂರು ಪದ ಸಾಕು. ಎಂಟುನೂರು ಬರೆದುಕೊಂಡು ಹೋದವರು ಕೊನೆಯ ಪುಟವನ್ನು ರೈಲು ಓಡಿಸಿದಂತೆ ಓಡಿಸುತ್ತಾರೆ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ, ಬಾಯಿ ಮೈಕಿಗೆ ನೇರ ಇರದೆ ಸ್ವಲ್ಪ ಓರೆಯಾಗಿರಲಿ. ಇಲ್ಲದಿದ್ದರೆ ‘ಪ’, ‘ಫ’, ‘ಭ’ ಬಂದಾಗಲೆಲ್ಲ ಗಾಳಿ ಬಡಿದು ಗುಮ್ಮೆನ್ನುತ್ತದೆ. ಹಾಳೆಗಳಿಗೆ ಪಿನ್ ಹೊಡೆಯಬೇಡಿ. ಬಿಡಿ ಹಾಳೆಯಾದರೆ ಸದ್ದಿಲ್ಲದೆ ಪಕ್ಕಕ್ಕೆ ಸರಿಸಬಹುದು.

ಈಗ ಪಟ್ಟಿಯ ವಿಷಯ. ಪ್ರತಿ ಆಕಾಶವಾಣಿ ನಿಲಯದಲ್ಲೂ ಫಿಕ್ಸ್ಡ್ ಪಾಯಿಂಟ್ ಚಾರ್ಟ್ ಎಂಬುದು ಇರುತ್ತದೆ: ವಾರದ ಯಾವ ದಿನ, ಎಷ್ಟು ಗಂಟೆಗೆ, ಯಾವ ಬಗೆಯ ಕಾರ್ಯಕ್ರಮ ಅನ್ನುವ ಅಸ್ತಿಭಾರ. ಅದರ ಮೇಲೆ ಆಯಾ ದಿನದ ಕ್ಯೂ ಶೀಟ್ ತಯಾರಾಗುತ್ತದೆ. ಅದರಲ್ಲಿ ವಿಷಯ, ಮಾತಾಡುವವರ ಹೆಸರು, ಅವಧಿ ಎಲ್ಲ ಇರುತ್ತವೆ. ಅಂದರೆ ಪತ್ರಿಕೆಗೆ ಬೇಕಾದ ಸರಕು ಸಿದ್ಧವಾಗಿಯೇ ಇರುತ್ತದೆ. ಕಾರ್ಯಕ್ರಮ ವಿಭಾಗದಿಂದ ವಾರಕ್ಕೊಮ್ಮೆ ತರಿಸಿಕೊಂಡು ಪ್ರತಿ ಸಂಜೆ ಮರುದಿನದ ಭಾಗ ಕತ್ತರಿಸಿಕೊಳ್ಳುವ ಕೆಲಸ ಅಷ್ಟೇ. ಹಿಂದಿನ ಪಟ್ಟಿಗಳಲ್ಲಿ ಇದ್ದ ದೋಷ ಏನೆಂದರೆ ‘7.15 ಭಾಷಣ, 7.30 ಸುಗಮ ಸಂಗೀತ, 8.30 ನಾಟಕ’ ಎಂದಷ್ಟೇ ಹಾಕುತ್ತಿದ್ದರು. ಯಾರ ಭಾಷಣ, ಯಾವುದರ ಮೇಲೆ? ಅದು ಓದುವವನಿಗೆ ಉಪಯೋಗವಿಲ್ಲ, ಹಾಕುವವನಿಗೂ ಉಪಯೋಗವಿಲ್ಲ. ‘ಕೃಷಿರಂಗ: ಶೇಂಗಾದಲ್ಲಿ ಸುರುಳಿ ಪೂಚಿ ಹತೋಟಿ’ ಎಂದು ಹಾಕಿದರೆ ಚಳ್ಳಕೆರೆಯ ರೈತ ಆ ಹೊತ್ತಿಗೆ ರೇಡಿಯೊ ಹಚ್ಚುತ್ತಾನೆ. ವಿಷಯವಿಲ್ಲದ ಸಾಲನ್ನು ಅಚ್ಚು ಹಾಕಲೇಬೇಡಿ. ಆಗ ನಿಲಯದವರೂ ವಿಷಯ ಬರೆದು ಕಳಿಸುವುದನ್ನು ರೂಢಿ ಮಾಡಿಕೊಳ್ಳುತ್ತಾರೆ.

ಒಂದು ದಿನಕ್ಕೆ ಹತ್ತರಿಂದ ಹದಿನಾಲ್ಕು ಸಾಲು ಸಾಕು. ತಲೆಯ ಮೇಲೆ ನಿಲಯದ ಹೆಸರು ಮತ್ತು ತರಂಗಾಂತರ: ಚಿತ್ರದುರ್ಗ ಎಫ್‌ಎಂ 102.6, ಭದ್ರಾವತಿ 675, ಧಾರವಾಡ 765, ಬೆಂಗಳೂರು 612 ಕಿಲೋಹರ್ಟ್ಸ್. ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹಲವು ಮಧ್ಯಮ ತರಂಗದ (ಮೀಡಿಯಂ ವೇವ್) ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸಿದ್ದಾರೆ, ಕೆಲವನ್ನು ಡಿಜಿಟಲ್‌ಗೆ ತಿರುಗಿಸಿದ್ದಾರೆ, ಕೆಲವು ದುರಸ್ತಿಗೆಂದು ಮೂರು ಹೊತ್ತಿನ ಪ್ರಸಾರದಲ್ಲಿ ಒಂದೆರಡನ್ನು ಬಿಡುತ್ತವೆ. ಆದ್ದರಿಂದ ಯಾವುದು ಯಾವ ಹೊತ್ತಿನಲ್ಲಿ ಚಾಲೂ ಇದೆ ಅನ್ನುವುದನ್ನು ನಿಲಯದಿಂದ ಕೇಳಿ ತಿಂಗಳಿಗೊಮ್ಮೆ ತಿದ್ದಬೇಕು. ಸುದ್ದಿಗಳನ್ನು ದಪ್ಪ ಅಕ್ಷರದಲ್ಲಿ ಹಾಕಿ. ಅವು ದಿನದ ಗೂಟಗಳು. ಬೆಳಿಗ್ಗೆ 6.55ಕ್ಕೆ ಸಂಸ್ಕೃತ ವಾರ್ತೆ ಶುರುವಾದರೆ ಏಳಕ್ಕೆ ಐದು ನಿಮಿಷವಿದೆ ಅಂತ ಗಡಿಯಾರ ನೋಡದೆ ತಿಳಿಯುವ ಮನೆಗಳು ಇವೆ. 8ಕ್ಕೆ ಹಿಂದಿ, 8.15ಕ್ಕೆ ಇಂಗ್ಲಿಷ್, ರಾತ್ರಿ 9ಕ್ಕೆ ಇಂಗ್ಲಿಷ್. ಇವುಗಳ ನಡುವೆ ಕನ್ನಡ ವಾರ್ತೆ, ಪ್ರದೇಶ ಸಮಾಚಾರ. ಗೂಟ ಗಟ್ಟಿಯಾಗಿದ್ದರೆ ಉಳಿದದ್ದು ತಾನೇ ನೆನಪಿರುತ್ತದೆ.

ಪಟ್ಟಿ ತಪ್ಪುವುದೂ ಇದೆ. ಕ್ರಿಕೆಟ್ ವೀಕ್ಷಕ ವಿವರಣೆ, ದಿಲ್ಲಿಯಿಂದ ಬರುವ ವಿಶೇಷ ಭಾಷಣ, ಗಣ್ಯರ ನಿಧನ ಇವು ಬಂದರೆ ಸ್ಥಳೀಯ ಕಾರ್ಯಕ್ರಮ ಹಾರಿಹೋಗುತ್ತದೆ. ಪ್ರಧಾನಿಯವರ ‘ಮನದ ಮಾತು’ (ಮನ್ ಕೀ ಬಾತ್) 2014ರ ಅಕ್ಟೋಬರ್‌ನಲ್ಲಿ ಶುರುವಾಗಿ ಈಗ ತಿಂಗಳ ಕೊನೆಯ ಭಾನುವಾರ 11ಕ್ಕೆ ಎಂದು ನಿಂತಿದೆ. ಹೀಗೆ ಮೊದಲೇ ಗೊತ್ತಿರುವುದನ್ನು ಪಟ್ಟಿಯಲ್ಲಿ ತೋರಿಸಬಹುದು. ಗೊತ್ತಿಲ್ಲದೆ ಹಾರಿದ್ದನ್ನು ಮರುದಿನ ಒಂದು ಸಾಲಿನಲ್ಲಿ ‘ನಿನ್ನೆ ತಪ್ಪಿದ್ದು ಗುರುವಾರ ಇಷ್ಟು ಗಂಟೆಗೆ’ ಎಂದು ಹಾಕಿದರೆ ಕೇಳುವವರ ನಂಬಿಕೆ ಉಳಿಯುತ್ತದೆ. ಕಾರ್ಯಕ್ರಮ ಬದಲಾದದ್ದಕ್ಕಿಂತ ಬದಲಾದದ್ದನ್ನು ಯಾರೂ ಹೇಳದಿರುವುದು ಹೆಚ್ಚು ಸಿಟ್ಟು ತರಿಸುತ್ತದೆ. ರೇಡಿಯೊ 4ರಲ್ಲಿ ಮುಂಜಾನೆ ಐದು ನಿಮಿಷ ಬರುತ್ತಿದ್ದ ಒಂದು ವಾದ್ಯಸಂಗೀತವನ್ನು 2006ರಲ್ಲಿ ಕೈಬಿಟ್ಟಾಗ ಅದರ ಮೇಲೆ ಅಲ್ಲಿನ ಸಂಸತ್ತಿನವರೆಗೆ ತಕರಾರು ಹೋಯಿತು. ನಮ್ಮಲ್ಲಿ ಅರ್ಧ ಗಂಟೆಯ ನಾಟಕ ನಿಂತರೂ ಕೇಳುವವರಿಲ್ಲ, ಯಾಕೆಂದರೆ ಅದು ಇತ್ತು ಅನ್ನುವುದಕ್ಕೇ ಅಚ್ಚಿನ ಸಾಕ್ಷಿಯಿಲ್ಲ.

‘ರೇಡಿಯೊ ಈಗ ಸರಿಯಾಗಿ ಹಿಡಿಯುವುದೇ ಇಲ್ಲ, ಪಟ್ಟಿ ಯಾಕೆ’ ಅನ್ನುವವರಿಗೆ ಕೊಂಚ ವಿವರವಾಗಿ ಹೇಳಬೇಕು. ಹಿಡಿಯದಿರುವುದಕ್ಕೆ ಬಹಳ ಸಲ ನಿಲಯ ಕಾರಣವಲ್ಲ.

ಮೊದಲನೆಯದು ಹೊಸ ಡಿಜಿಟಲ್ ಸೆಟ್ಟುಗಳ ದೋಷ. ನಮ್ಮ ದೇಶದಲ್ಲಿ ಮಧ್ಯಮ ತರಂಗದ ನಿಲಯಗಳು 9 ಕಿಲೋಹರ್ಟ್ಸ್ ಅಂತರದಲ್ಲಿವೆ. 612, 675, 765 ಮೂರೂ ಒಂಬತ್ತರ ಮಗ್ಗಿಯಲ್ಲಿ ಬರುತ್ತವೆ. ಅಮೆರಿಕದ ರೂಢಿಗೆ ತಯಾರಾದ ಸೆಟ್ಟು 10ರ ಹೆಜ್ಜೆಯಲ್ಲಿ ಓಡುತ್ತದೆ. ಅದರಲ್ಲಿ 670 ಇದೆ, 680 ಇದೆ, 675 ಇಲ್ಲ. ಎರಡರಲ್ಲೂ ಗೊರಗೊರ ಸದ್ದು ಬಂದು, ಭದ್ರಾವತಿ ಸತ್ತಿದೆ ಅಂತ ಜನ ತೀರ್ಮಾನಿಸುತ್ತಾರೆ. ಸೆಟ್ಟಿನ ಸೆಟಿಂಗಿನಲ್ಲೋ ಹಿಂಬದಿಯ ಗುಂಡಿಯಲ್ಲೋ 9/10 ಬದಲಿಸುವ ಅವಕಾಶವಿರುತ್ತದೆ, 9ಕ್ಕೆ ಇಡಬೇಕು. ಮುಳ್ಳು ತಿರುಗಿಸುವ ಹಳೆಯ ಸೆಟ್ಟಿಗೆ ಈ ರಗಳೆಯಿಲ್ಲ. ಹಳೆಯ ಡಯಲ್ಲಿನಲ್ಲಿ ಮೀಟರ್ ಲೆಕ್ಕವಿದ್ದರೆ ಬೆಂಗಳೂರು 490, ಭದ್ರಾವತಿ 444, ಧಾರವಾಡ 392 ಮೀಟರಿನ ಹತ್ತಿರ ಸಿಗುತ್ತದೆ.

ಎರಡನೆಯದು ಸೆಟ್ಟು ಇಡುವ ದಿಕ್ಕು. ಮಧ್ಯಮ ತರಂಗಕ್ಕೆ ಹೊರಗೆ ಎಳೆಯುವ ಕಡ್ಡಿ ಉಪಯೋಗಕ್ಕೆ ಬಾರದು, ಅದು ಎಫ್‌ಎಂಗೆ. ಒಳಗೆ ಸೆಟ್ಟಿನ ಉದ್ದಕ್ಕೆ ಮಲಗಿರುವ ಕಪ್ಪು ಫೆರೈಟ್ ಸರಳೇ ಏರಿಯಲ್. ಆ ಸರಳಿನ ಮಗ್ಗುಲು ನಿಲಯದ ಕಡೆ ಇದ್ದಾಗ ಜೋರು, ತುದಿ ನಿಲಯದ ಕಡೆ ಇದ್ದಾಗ ಕ್ಷೀಣ. ದಾವಣಗೆರೆಯಿಂದ ಧಾರವಾಡ ವಾಯವ್ಯಕ್ಕಿದೆ, ಬೆಂಗಳೂರು ಸರಿಯಾಗಿ ಅದರ ಎದುರು ಆಗ್ನೇಯಕ್ಕಿದೆ. ಹಾಗಾಗಿ ಸೆಟ್ಟಿನ ಉದ್ದವನ್ನು ಈಶಾನ್ಯ–ನೈಋತ್ಯವಾಗಿ ಇಟ್ಟರೆ ಎರಡಕ್ಕೂ ಒಂದೇ ಭಂಗಿ ಸಾಕು. ಭದ್ರಾವತಿ ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ ವಾಲಿದೆ. ಅದಕ್ಕೆ ಸೆಟ್ಟನ್ನು ಪೂರ್ವ–ಪಶ್ಚಿಮವಾಗಿ ತಿರುಗಿಸಬೇಕು. ಗೋಡೆಗೆ ಒತ್ತಿ, ಕಬ್ಬಿಣದ ಬೀರುವಿನ ಮೇಲೆ, ಫ್ರಿಜ್ಜಿನ ಮೇಲೆ ಇಟ್ಟು ನಿಲಯವನ್ನು ಬೈಯಬಾರದು.

ಮೂರನೆಯದು ಮನೆಯೊಳಗಿನ ಗದ್ದಲ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಯುಪಿಎಸ್, ಸೌರ ಇನ್ವರ್ಟರ್ ಇವೆಲ್ಲವುಗಳಲ್ಲೂ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುವ ಸರ್ಕ್ಯೂಟ್ ಇರುತ್ತದೆ. ಅದರ ಸದ್ದು ಮಧ್ಯಮ ತರಂಗದ ಮೇಲೆಲ್ಲ ಹರಡುತ್ತದೆ. ಪತ್ತೆ ಸುಲಭ: ರೇಡಿಯೊವನ್ನು ಸೆಲ್ಲಿನ ಮೇಲೆ ಹಚ್ಚಿ, ಮನೆಯ ಮೇನ್ ಸ್ವಿಚ್ ತೆಗೆಯಿರಿ, ಯುಪಿಎಸ್, ಇನ್ವರ್ಟರ್ ಇದ್ದರೆ ಅವನ್ನೂ ಆರಿಸಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಮತ್ತೆ ಮೇನ್ ಹಾಕಿ, ಒಂದೊಂದೇ ಸಲಕರಣೆ ಚಾಲೂ ಮಾಡುತ್ತ ಬಂದರೆ ಸಿಕ್ಕಿಬೀಳುತ್ತಾನೆ. ಸದ್ದು ನಿಲ್ಲದಿದ್ದರೆ ಅದು ಬೀದಿಯದು ಅಥವಾ ಪಕ್ಕದ ಮನೆಯದು. ಆಗ ಸರಳಿನ ತುದಿಯನ್ನು ಸದ್ದಿನ ಕಡೆಗೆ ತಿರುಗಿಸಿ ನೋಡಬಹುದು. ನಿಲಯ ಸ್ವಲ್ಪ ತಗ್ಗಿದರೂ ಸದ್ದು ಅದಕ್ಕಿಂತ ಹೆಚ್ಚು ತಗ್ಗುತ್ತದೆ.

ಇಷ್ಟಾದರೂ ಸಾಲದಿದ್ದರೆ ಚೌಕದ ಏರಿಯಲ್ ಕಟ್ಟಬಹುದು. 60 ಸೆಂಟಿಮೀಟರ್ ಬದಿಯ ಮರದ ಚೌಕಟ್ಟಿಗೆ ಪ್ಲಾಸ್ಟಿಕ್ ಹೊದಿಕೆಯ ತೆಳು ವೈರನ್ನು ಅರ್ಧ ಸೆಂಟಿಮೀಟರ್ ಅಂತರ ಬಿಟ್ಟು 12 ಸುತ್ತು ಸುತ್ತಿ. ಸುಮಾರು 30 ಮೀಟರ್ ವೈರ್ ಬೇಕು. ಎರಡು ತುದಿಗಳಿಗೆ ಹಳೆಯ ವಾಲ್ವ್ ರೇಡಿಯೊದಲ್ಲಿ ನಿಲಯ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್ ಜೋಡಿಸಿ. 365ರಿಂದ 500 ಪಿಕೊಫ್ಯಾರಡ್‌ವರೆಗಿನದು ನಡೆಯುತ್ತದೆ. ರೇಡಿಯೊಗೆ ವೈರ್ ಮುಟ್ಟಿಸುವ ಅಗತ್ಯವಿಲ್ಲ, ಕರೆಂಟೂ ಬೇಡ. ರೇಡಿಯೊದ ಸರಳು ಚೌಕದ ಸಮತಲಕ್ಕೆ ಅಡ್ಡವಾಗಿ ನಿಲ್ಲುವಂತೆ ಪಕ್ಕದಲ್ಲಿಟ್ಟು, ಬೇಕಾದ ನಿಲಯಕ್ಕೆ ಹಚ್ಚಿ, ಕಂಡೆನ್ಸರ್ ನಿಧಾನ ತಿರುಗಿಸಿದರೆ ಒಂದು ಕಡೆ ಧ್ವನಿ ಧಿಗ್ಗನೆ ಮೇಲೇಳುತ್ತದೆ. ಗಮನಿಸಿ: ಚೌಕಕ್ಕೆ ದಿಕ್ಕಿನ ನಿಯಮ ಸರಳಿನದಕ್ಕಿಂತ ಬೇರೆ ಕಾಣುತ್ತದೆ, ಅದರ ಅಂಚು ನಿಲಯದ ಕಡೆ ಇರಬೇಕು, ಮುಖ ಅಲ್ಲ. ಕೆಳಗಿನ 612 ಸಿಗದಿದ್ದರೆ ಇನ್ನೊಂದು ಸುತ್ತು ಸೇರಿಸಿ.

ರಾತ್ರಿಯ ಸಮಸ್ಯೆ ಬೇರೆ. ಹಗಲು ವಾತಾವರಣದ ಮೇಲ್ಪದರಗಳಲ್ಲಿ ಕೆಳಗಿನದು ಮಧ್ಯಮ ತರಂಗವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ನೆಲದ ಮೇಲೆ ಹರಿದು ಬರುವ ಹತ್ತಿರದ ನಿಲಯ ಮಾತ್ರ ಸಿಗುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗಿ, ಸಾವಿರಾರು ಕಿಲೋಮೀಟರ್ ದೂರದ ನಿಲಯಗಳು ಮೇಲಿನ ಪದರಕ್ಕೆ ಬಡಿದು ಇಳಿಯುತ್ತವೆ. ಒಂದರ ಮೇಲೊಂದು ಕೂತು ಧ್ವನಿ ಏರಿಳಿಯುತ್ತದೆ. ಇದಕ್ಕೆ ಸೆಟ್ಟು ತಿರುಗಿಸುವುದರ ಹೊರತು ಮನೆಯಲ್ಲಿ ಮಾಡುವ ಮದ್ದಿಲ್ಲ. ಸಂಜೆಯ ಮುಖ್ಯ ಕಾರ್ಯಕ್ರಮಗಳನ್ನು ಮರುದಿನ ಹಗಲು ಮರುಪ್ರಸಾರ ಮಾಡಿ ಅಂತ ಆಕಾಶವಾಣಿಯನ್ನು ಕೇಳುವುದಕ್ಕೆ ಇದೂ ಒಂದು ಕಾರಣ.

ಚಿತ್ರದುರ್ಗದ ಎಫ್‌ಎಂ ಬೇರೆ ಜಾತಿ. ಕಣ್ಣಿಗೆ ಕಾಣುವ ದಾರಿಯಲ್ಲಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮಂಕಾಗುತ್ತದೆ. ದಾವಣಗೆರೆಯ ಕೆಳಮನೆಯಲ್ಲಿ ಸಿಗದ್ದು ತಾರಸಿಯ ಮೇಲೆ ಸಿಗುತ್ತದೆ. 102.6ಕ್ಕೆ ಅರ್ಧ ಅಲೆಯ ತಂತಿ ಏರಿಯಲ್ ಮಾಡುವುದಾದರೆ ಒಂದೊಂದು ಕೈ 70 ಸೆಂಟಿಮೀಟರ್, ಎರಡು ಕೈ, ನಡುವೆ ಕೇಬಲ್ ಟಿ.ವಿ.ಯ ವೈರ್: ಒಳತಂತಿ ಒಂದು ಕೈಗೆ, ಹೊರಜಾಲರಿ ಇನ್ನೊಂದಕ್ಕೆ. ನಿಲ್ಲಿಸಿಯೂ ಮಲಗಿಸಿಯೂ ನೋಡಿ, ಯಾವುದು ಸ್ವಚ್ಛವೋ ಹಾಗೆ ಕಟ್ಟಿ. ಮೊಬೈಲಿನ ಎಫ್‌ಎಂಗೆ ಇಯರ್‌ಫೋನ್ ವೈರೇ ಏರಿಯಲ್. ವೈರಿಲ್ಲದ ಇಯರ್‌ಫೋನ್ ಹಾಕಿದರೆ ಏನೂ ಬಾರದು. ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಕೇಳುವವರಿಗೆ ಇದೊಂದೂ ಬೇಡ. ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ ಗಂಟೆಗೆ 29 ಎಂಬಿಯಷ್ಟು ಡೇಟಾ ಹೋಗುತ್ತದೆ. ಆದರೆ ಅದರಲ್ಲಿ ಧ್ವನಿ ತಡವಾಗಿ ತಲುಪುತ್ತದೆ, ಸುದ್ದಿಗೆ ಮುಂಚಿನ ಪಿಪ್ ಸದ್ದು ಕೇಳಿ ಗಡಿಯಾರ ತಿದ್ದಿಕೊಂಡರೆ ಗಡಿಯಾರವೂ ಅಷ್ಟೇ ಹಿಂದೆ ಬೀಳುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ, ಚಳ್ಳಕೆರೆಯ ಎಣ್ಣೆ ಗಾಣಗಳಲ್ಲಿ, ಕಂಬಳಿ ಮಗ್ಗದ ಮುಂದೆ, ಹೊಲಿಗೆ ಯಂತ್ರದ ಪಕ್ಕ ಕೂತವರಿಗೆ ಕೈಗೆ ಕೆಲಸವಿದೆ, ಕಣ್ಣಿಗೂ ಕೆಲಸವಿದೆ; ಕಿವಿ ಮಾತ್ರ ಖಾಲಿ. ಪಟ್ಟಿಯನ್ನು ಅವರು ಬೆಳಿಗ್ಗೆ ಚಹಾದಂಗಡಿಯಲ್ಲಿ ನಿಮ್ಮ ಪತ್ರಿಕೆ ತಿರುವುವಾಗ ನೋಡಿಕೊಳ್ಳುತ್ತಾರೆ. ಆದ್ದರಿಂದ ಒಳಪುಟದ ಮೂಲೆ ಬೇಡ, ಧಾರಣೆಯ ಪಟ್ಟಿ ಇರುವ ಪುಟದಲ್ಲೇ ಹಾಕಿ, ಅಕ್ಷರ ಧಾರಣೆಯ ಅಕ್ಷರಕ್ಕಿಂತ ಚಿಕ್ಕದಾಗದಿರಲಿ. ಭಾನುವಾರದ ಕಾರ್ಯಕ್ರಮ ಬೇರೆಯಾಗಿರುವುದರಿಂದ ಅದನ್ನು ಶನಿವಾರವೇ ಹಾಕುವುದು ಒಳ್ಳೆಯದು. ಮಕ್ಕಳ ಕಾರ್ಯಕ್ರಮವೂ ನಾಟಕವೂ ಆ ದಿನವೇ ಹೆಚ್ಚು. ಮೇಲೆ ಹೇಳಿದ ನಾಲ್ಕು ನಿಲಯಗಳ ಸಾಲುಗಳನ್ನು ಹೊಂದಿಸಿ, ಒಂದೂವರೆ ಇಂಚು ಅಗಲಕ್ಕೆ ಕೂರುವಂತೆ ಮಾಡಿದ ಖಾಲಿ ನಮೂನೆಯೊಂದನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇವೆ. ವಿಷಯ ಮತ್ತು ಹೆಸರಿನ ಜಾಗ ತುಂಬುವುದು ನಿಲಯದ ಕೆಲಸ, ಬೆನ್ನು ಹತ್ತಿ ತರಿಸಿಕೊಳ್ಳುವುದು ನಿಮ್ಮ ಜಿಲ್ಲಾ ಕಚೇರಿಯ ಕೆಲಸ.

ಇತಿ,
ಕೆಲವು ಬಾನುಲಿ ಶ್ರೋತೃಗಳು
ದಾವಣಗೆರೆ